ಕಂಫರ್ಟೋ ಸ್ಪೋರ್ಟೋ, ಅತ್ತೆಯವರನ್ನು ಕೇಳಿ

ನಮ್ಮ ಭಾವ ಜರ್ಮನ್ ಕಾರು ತಗೊಂಡರು. ಹೊಸದಲ್ಲ. ಹೊಸದೇ ತಗೊಳ್ಳೋಣ ಅಂತ ಶೋರೂಮಿಗೆ ಹೋಗಿದ್ದು ನಿಜ. ಅಲ್ಲಿ ಕಾಫಿ ಕೊಟ್ಟರು, ಬಿಸ್ಕತ್ತು ಕೊಟ್ಟರು, ಆಮೇಲೆ ಆನ್‌ರೋಡ್ ಬೆಲೆಯ ಹಾಳೆ ಕೊಟ್ಟರು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸೇ ಶೇ. 18, ಅದರ ಮೇಲೆ ಸೆಸ್ಸು. "ಈ ಟ್ಯಾಕ್ಸ್ ದುಡ್ಡಲ್ಲೇ ಇನ್ನೊಂದು ಕಾರು ಬರುತ್ತಲ್ಲಪ್ಪಾ" ಅಂತ ಭಾವ ಬಿಸ್ಕತ್ತನ್ನು ವಾಪಸ್ ತಟ್ಟೆಯಲ್ಲಿಟ್ಟು ಎದ್ದರಂತೆ. ಕೊನೆಗೆ ಬೇರೆ ಯಾರೋ ಪುಣ್ಯಾತ್ಮರು ಟ್ಯಾಕ್ಸ್ ಕಟ್ಟಿ, ಕೆಲವು ವರ್ಷ ಓಡಿಸಿ ಮಾರಿದ ಕಾರು ಮನೆಗೆ ಬಂತು.

ಗೇರಿನ ಪಕ್ಕ ಅದಕ್ಕೊಂದು ಗುಂಡಿ, ಕಾರು ಓಡುವ ರೀತಿ ಬದಲಿಸೋಕೆ. ಒತ್ತಿದರೆ ಕಂಫರ್ಟ್, ಇನ್ನೊಮ್ಮೆ ಒತ್ತಿದರೆ ಸ್ಪೋರ್ಟ್. ಇಕೋ ಅಂತ ಮೂರನೆಯದೂ ಇದೆ. ಅದನ್ನು ಭಾವ ಒತ್ತಿದ್ದನ್ನು ಯಾರೂ ನೋಡಿಲ್ಲ. ಪೆಟ್ರೋಲ್ ಉಳಿಸೋದಿದ್ರೆ ಹಳೇ ಕಾರೇ ಸಾಕಿತ್ತಲ್ಲ ಅಂತಾರೆ. ಸ್ಪೋರ್ಟ್ ಹಾಕಿದರೆ ಮುಂದಿನ ಪರದೆ ಕೆಂಪಾಗುತ್ತೆ. ಭಾವನ ಮುಖವೂ ಸ್ವಲ್ಪ ಹಾಗೇ ಆಗುತ್ತೆ.

ಬೆಂಗಳೂರಲ್ಲಿ ಈ ಗುಂಡಿಯಿಂದ ಯಾರಿಗೂ ತೊಂದರೆ ಇರಲಿಲ್ಲ. 2022ರ ಟ್ರಾಫಿಕ್ಕನ್ನು ಟಾಮ್‌ಟಾಮ್ ಅನ್ನೋ ನಕ್ಷೆ ಕಂಪನಿಯವರು ಲೆಕ್ಕ ಹಾಕಿದ್ದರು: ನಮ್ಮ ಊರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 29 ನಿಮಿಷ 10 ಸೆಕೆಂಡ್. ಆ 10 ಸೆಕೆಂಡ್ ಯಾಕೆ ಬರೆದರೋ, ನಮ್ಮಲ್ಲಿ ಅಷ್ಟು ಹೊತ್ತಲ್ಲಿ ಸಿಗ್ನಲ್ ಹಸಿರಾಗಿ ಮತ್ತೆ ಕೆಂಪಾಗುತ್ತೆ. ಎಂಟು ಗೇರಿನ ಕಾರು ಸಿಲ್ಕ್ ಬೋರ್ಡ್ ಹತ್ತಿರ ಎರಡನೇ ಗೇರಿನ ಮುಖ ನೋಡೋದೇ ಕಷ್ಟ. ಆದರೂ ಭಾವ ಅಲ್ಲೂ ಸ್ಪೋರ್ಟೇ. ಕಾರಣ ಕೇಳಿದರೆ ಹೇಳಿದರು: "ಕಂಫರ್ಟಲ್ಲಿ ಸಿಗ್ನಲ್ ಬಂದ್ರೆ ಇಂಜಿನ್ ಆಫ್ ಆಗತ್ತೆ, ಎಸಿ ಗಾಳಿ ಬಿಸಿಯಾಗತ್ತೆ. ಸ್ಪೋರ್ಟಲ್ಲಿ ಇಂಜಿನ್ ಆಫೇ ಆಗಲ್ಲ." ಅಂದರೆ ಭಾವ ಸ್ಪೋರ್ಟ್ ಹಾಕ್ತಿದ್ದಿದ್ದು ಆರಾಮಾಗಿ ಕೂರೋಕೆ. ಜರ್ಮನಿಯ ಇಂಜಿನಿಯರುಗಳು ಇದನ್ನು ಕೇಳಿಸಿಕೊಳ್ಳದಿರಲಿ.

ತೊಂದರೆ ಶುರುವಾಗಿದ್ದು ಧರ್ಮಸ್ಥಳಕ್ಕೆ ಹೊರಟಾಗ. ಹೊಸ ಕಾರಲ್ಲಿ ಮೊದಲು ದೇವಸ್ಥಾನಕ್ಕೆ ಹೋಗಬೇಕು ಅಂತ ಅಮ್ಮ ಹೇಳಿದ್ದರು. ಅದು ಸೆಕೆಂಡ್ ಹ್ಯಾಂಡ್ ಅನ್ನೋದು ದೇವರಿಗೆ ಗೊತ್ತಿದ್ದರೂ ಪರವಾಗಿಲ್ಲವಂತೆ. ಮುಂದೆ ಭಾವ ಮತ್ತು ಅಕ್ಕ. ಹಿಂದೆ ಒಂದು ಕಿಟಕಿಗೆ ಅಮ್ಮ, ಇನ್ನೊಂದಕ್ಕೆ ಅಕ್ಕನ ಮಗ. ಅವನು ಇಂಜಿನಿಯರಿಂಗ್ ಮೊದಲನೇ ವರ್ಷ. ಕಾಲು ಉದ್ದ. ಹಾಗಾಗಿ ನಡುವಿನ ಸೀಟು ನನಗೆ. ಹಿಂದಿನ ಚಕ್ರ ತಿರುಗಿಸುವ ಇಂಥ ಕಾರುಗಳಲ್ಲಿ ಮುಂದಿನ ಇಂಜಿನ್ನಿಂದ ಹಿಂದಕ್ಕೆ ಒಂದು ಉದ್ದನೆಯ ರಾಡು ಹೋಗುತ್ತೆ. ಅದಕ್ಕೆ ಜಾಗ ಬೇಕಲ್ಲ, ನೆಲದ ನಡುವೆ ಮೊಣಕಾಲೆತ್ತರ ಅಲ್ಲದಿದ್ದರೂ ಕಾಲಿಡೋಕಾಗದಷ್ಟು ದಿಬ್ಬ ಮಾಡಿರ್ತಾರೆ. ಹಂಪ್ ರಸ್ತೆಯಲ್ಲಿ ಮಾತ್ರ ಇರುತ್ತೆ ಅಂದ್ಕೊಂಡಿದ್ದೆ. ಇದೊಂದು ಕಾರಿನ ಒಳಗೇ ಇತ್ತು. ಅದರ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಹಾಕಿ ಧರ್ಮಸ್ಥಳದವರೆಗೆ ಕೂರಬೇಕು. ಲಕ್ಷುರಿ ಅನ್ನೋದು ಸೀಟಿನಿಂದ ಸೀಟಿಗೆ ಬದಲಾಗುತ್ತೆ ಅಂತ ಯಾವ ಜಾಹೀರಾತಿನಲ್ಲೂ ಹಾಕಲ್ಲ.

ಹೊರಡುವ ಮುಂಚೆ ಡಿಕ್ಕಿಗೆ ಸಾಮಾನು ಹಾಕುವಾಗ ಅಮ್ಮ ಇಣುಕಿ ನೋಡಿದರು.

"ಸ್ಟೆಪ್ನಿ ಎಲ್ಲಿದೆ?"

"ಇಲ್ಲ ಅತ್ತೆ. ಇದು ರನ್‌ಫ್ಲಾಟ್ ಟೈರು. ಪಂಕ್ಚರ್ ಆಗಿ ಗಾಳಿ ಪೂರ್ತಿ ಹೋದ್ರೂ 80 ಕಿಲೋಮೀಟರ್ ಓಡತ್ತೆ, 80ರ ಸ್ಪೀಡಲ್ಲಿ."

"ಗಾಳಿ ಇಲ್ಲದೆ ಓಡತ್ತಾ? ಹಾಗಿದ್ರೆ ಗಾಳಿ ಯಾಕೆ ಹಾಕ್ತಾರೆ ಅಳಿಯಂದ್ರೇ?"

ಭಾವ ನಕ್ಕು ಡಿಕ್ಕಿ ಮುಚ್ಚಿದರು. ಆ ಪ್ರಶ್ನೆಯನ್ನು ಆಗಲೇ ಸ್ವಲ್ಪ ಗಂಭೀರವಾಗಿ ತಗೊಂಡಿದ್ದರೆ ಚೆನ್ನಾಗಿತ್ತು.

ನೆಲಮಂಗಲ ದಾಟಿ ಕುಣಿಗಲ್ ಕಡೆ ರಸ್ತೆ ಸಿಕ್ಕಿದ್ದೇ ಭಾವ ಗುಂಡಿ ಒತ್ತಿದರು. ಪರದೆ ಕೆಂಪಾಯಿತು. ಗುಂಯ್ ಅಂತ ಸದ್ದು. ಅಮ್ಮನ ಬೆನ್ನು ಸೀಟಿಗೆ ಅಂಟಿತು, ಕೈಯಲ್ಲಿದ್ದ ಕೋಡುಬಳೆ ನನ್ನ ಮಡಿಲಿಗೆ ಬಂತು.

ನಮ್ಮ ಅಮ್ಮ ಅಳಿಯನಿಗೆ ಯಾವತ್ತೂ ಯಾವುದಕ್ಕೂ ಆಕ್ಷೇಪಣೆ ಹೇಳಿದವರಲ್ಲ. ಅದು ಅವರ ವ್ರತ. ಹೇಳಬೇಕಾದ್ದನ್ನು ಬೇರೆ ಯಾರ ಮೇಲೋ, ಯಾವುದರ ಮೇಲೋ ಹಾಕಿ ಹೇಳುತ್ತಾರೆ. ಕನ್ನಡಿಯಷ್ಟು ನುಣುಪಾದ ನಾಲ್ಕು ಪಥದ ಹೆದ್ದಾರಿಯಲ್ಲಿ ಅವರು ಹೇಳಿದ್ದು: "ರಸ್ತೆ ಯಾಕೋ ಹಾಳಾಗಿದೆ ಈ ಕಡೆ."

ಅಕ್ಕ ಮುಂದಿನ ಸೀಟಿಂದ ಅದರ ಅರ್ಥ ತಿಳಿಸಿದಳು: "ರೀ, ಕಂಫರ್ಟ್ ಹಾಕ್ರೀ."

ಹಾಕಿದರು. ಯಡಿಯೂರು ದಾಟಿದ ಮೇಲೆ ಮತ್ತೆ ಕೆಂಪು. "ಈ ಕಾಲದ ಗಾಡಿಗಳು ಬಹಳ ಸದ್ದು ಮಾಡ್ತವೆ, ಅಲ್ವೇನೋ?" ಅಂತ ಅಮ್ಮ ನನ್ನನ್ನು ಕೇಳಿದರು. ಅಕ್ಕ ಗಂಡನನ್ನು ನೋಡಿದಳು. ಮತ್ತೆ ಕಂಫರ್ಟ್. ಬೆಳ್ಳೂರು ಕ್ರಾಸ್ ಆದ ಮೇಲೆ ಇನ್ನೊಮ್ಮೆ. ಚನ್ನರಾಯಪಟ್ಟಣದ ಹೊತ್ತಿಗೆ ಅಮ್ಮ ಮಾತು ನಿಲ್ಲಿಸಿ ಮಂಜುನಾಥನ ಸ್ತೋತ್ರಕ್ಕೆ ಹೋಗಿದ್ದರು. ಅದು ಕೊನೆಯ ಎಚ್ಚರಿಕೆ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆರ್‌ಸಿ ಪುಸ್ತಕದಲ್ಲಿ ಭಾವನ ಹೆಸರಿದೆ. ಗುಂಡಿಯ ಒಡೆತನ ಬೇರೆಯವರದು.

ಅಕ್ಕನ ಮಗ ಇಷ್ಟೂ ಹೊತ್ತು ಮೊಬೈಲಲ್ಲಿ ಮುಳುಗಿದ್ದ. ರೀಲ್ಸ್ ನೋಡ್ತಿದ್ದಾನೆ ಅಂದ್ಕೊಂಡೆ. ನೋಡಿದರೆ ಆ ಕಾರಿನದೇ ಮ್ಯಾನುಯಲ್ ಓದ್ತಿದ್ದ. ಮನೆಯಲ್ಲಿ ಆ ಕೆಲಸ ಮಾಡಿದ ಮೊದಲನೆಯವನು ಅವನೇ.

"ಮಾವ, ಸ್ಪೋರ್ಟ್ ಹಾಕಿದ್ರೆ ಇಂಜಿನ್ ಪವರ್ ಜಾಸ್ತಿ ಆಗಲ್ಲ, ಗೊತ್ತಾ?" ಅಂದ, ಮೆಲ್ಲಗೆ.

"ಮತ್ತೆ ಈ ಹಾರಾಟ?"

ಅವನು ವಿವರಿಸಿದ. ಇರುವ ಶಕ್ತಿ ಅಷ್ಟೇ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಜಾಸ್ತಿ ಒತ್ತಿದ್ದಾರೆ ಅಂತ ಕಂಪ್ಯೂಟರು ತಿಳ್ಕೊಳ್ಳುತ್ತೆ. ಗೇರು ಬೇಗ ಮೇಲೆ ಹೋಗಲ್ಲ, ಇಂಜಿನ್ ಕೂಗ್ತಾ ಇರುತ್ತೆ. ಸ್ಟಿಯರಿಂಗ್ ಬಿಗಿಯಾಗುತ್ತೆ. ಇನ್ನು ಆ ಗುಂಯ್ ಸದ್ದು, ಅದರಲ್ಲಿ ಒಂದಷ್ಟು ಸ್ಪೀಕರಿಂದ ಬರೋದು. ನಾನು ನಂಬಲಿಲ್ಲ. ಆದರೆ ಅದು ನಿಜ. ಈಗಿನ ಎಷ್ಟೋ ಕಾರುಗಳಲ್ಲಿ ಹೊರಗಿನ ಸದ್ದು ಒಳಗೆ ಬರದಂತೆ ಲಕ್ಷಗಟ್ಟಲೆ ಖರ್ಚು ಮಾಡಿ ತಡೀತಾರೆ, ಆಮೇಲೆ ಸದ್ದೇ ಇಲ್ಲ ಅಂತ ಬೇಜಾರಾಗಿ ಸ್ಪೀಕರಲ್ಲಿ ಹಾಕ್ತಾರೆ. ಬಿಎಂಡಬ್ಲ್ಯು ತನ್ನ ಎಲೆಕ್ಟ್ರಿಕ್ ಕಾರುಗಳ ಸದ್ದು ಮಾಡಿಸಿದ್ದು ಹಾಲಿವುಡ್ಡಿನ ಸಂಗೀತ ನಿರ್ದೇಶಕ ಹ್ಯಾನ್ಸ್ ಜಿಮ್ಮರ್ ಕೈಲಿ. ಕಾರು ಹೊರಡೋಕೂ ಹಿನ್ನೆಲೆ ಸಂಗೀತ.

"ಇನ್ನೊಂದು ವಿಷಯ ಇದೆ. ಅಪ್ಪಂಗೆ ಹೇಳ್ಬೇಡಿ," ಅಂದ ಹುಡುಗ. ಧ್ವನಿ ಇನ್ನೂ ತಗ್ಗಿತು. "ಕುಲುಕಾಟ ತಡಿಯೋ ಸಸ್ಪೆನ್ಷನ್ ಮೆತ್ತಗೆ, ಗಟ್ಟಿ ಆಗ್ಬೇಕು ಅಂದ್ರೆ ಬೇರೆ ಥರದ ಶಾಕ್ ಅಬ್ಸಾರ್ಬರ್ ಬೇಕು. ಒಳಗಿನ ವಾಲ್ವು ಕರೆಂಟಲ್ಲಿ ಕೆಲಸ ಮಾಡೋದು. ಅದು ಮೇಲಿನ ಮಾಡೆಲ್ಲಲ್ಲಿ ಮಾತ್ರ. ನಮ್ಮದ್ರಲ್ಲಿ ಇಲ್ಲ. ಕಂಫರ್ಟ್ ಒತ್ತಿ, ಸ್ಪೋರ್ಟ್ ಒತ್ತಿ, ಸಸ್ಪೆನ್ಷನ್ ಒಂದೇ."

ಸರಿಯಾಗಿ ಅದೇ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟು ಹೇಳಿದರು: "ಈಗ ನೋಡು, ಕಂಫರ್ಟಲ್ಲಿ ಸೊಂಟಕ್ಕೆ ಎಷ್ಟು ಹಾಯಾಗಿದೆ."

ನಾವಿಬ್ಬರೂ ಕಿಟಕಿ ಕಡೆ ನೋಡಿದೆವು. ನನಗೆ ಕಿಟಕಿ ಇರಲಿಲ್ಲ, ಆದರೂ ನೋಡಿದೆ.

ಹಾಸನ ಬಿಟ್ಟು ಬೇಲೂರು ದಾರಿ ಹಿಡಿದ ಮೇಲೆ ಆ ಹಾಯೂ ಹೋಯಿತು. ಹಂಪ್‌ಗಳು ಶುರು. ರಸ್ತೆ ಹೇಗಿರಬೇಕು ಅಂತ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ಊರವರು ಆ ಪುಸ್ತಕ ಓದಿರಲ್ಲ. ಶಾಲೆ ಮುಂದೆ ಯಾವನೋ ಜೋರಾಗಿ ಹೋದ, ಮಾರನೇ ದಿನ ಉಳಿದ ಜಲ್ಲಿ, ಡಾಂಬರು ತಂದು ಅಡ್ಡಕ್ಕೆ ಸುರಿದರು, ಮುಗೀತು. ಎತ್ತರ ಅವರ ಕೋಪಕ್ಕೆ ತಕ್ಕ ಹಾಗೆ. ನಮ್ಮ ಕಾರಿನ ಹೊಟ್ಟೆ ಒಂದೆರಡನ್ನು ಕೆರೆದುಕೊಂಡೇ ದಾಟಿತು. ಪ್ರತಿ ಸಲ ಭಾವ "ಸ್ಸ್" ಅಂತ ಉಸಿರೆಳೆದುಕೊಳ್ತಿದ್ದರು, ನೋವು ಅವರಿಗೇ ಆದ ಹಾಗೆ.

ಪರದೆಯಲ್ಲಿ ಕಂಫರ್ಟ್ ಅಂತಲೇ ಇತ್ತು. ಆದರೂ ರಸ್ತೆಯ ಒಂದೊಂದು ಗುಂಡಿಗೂ ಹಲ್ಲು ಕಟಕಟ. ಅಮ್ಮ ಈ ಸಲ ಯಾರ ಮೇಲೂ ಹಾಕಲಿಲ್ಲ. "ಅಳಿಯಂದ್ರೇ, ಇದಕ್ಕಿಂತ ಜಾಸ್ತಿ ಕಂಫರ್ಟ್ ಇಲ್ವಾ?"

ಮದುವೆಯಾದಾಗಿನಿಂದ ಅತ್ತೆಯಿಂದ ಬಂದ ಮೊದಲ ನೇರ ಮಾತು. ಭಾವ ಗಾಬರಿಯಾದರು. ಗುಂಡಿ ಒತ್ತಿದರು, ಇನ್ನೊಮ್ಮೆ ಒತ್ತಿದರು. ಆ ಗಡಿಬಿಡಿಯಲ್ಲಿ ಇಕೋ ಕೂಡ ಬಂದು ಹೋಯಿತು. ಯಾವುದರಲ್ಲೂ ಏನೂ ಬದಲಾಗಲಿಲ್ಲ. ಹುಡುಗ ನನ್ನ ಮೊಣಕೈ ತಿವಿದ.

ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸಿದೆವು. ಮಂಜು ಎಷ್ಟಿತ್ತೆಂದರೆ ಹೋಟೆಲ್ ಸಿಕ್ಕಿದ್ದು ಚಟ್ನಿಯ ವಾಸನೆ ಹಿಡಿದು. ಪಕ್ಕದಲ್ಲೇ ಒಂದು ಪಂಕ್ಚರ್ ಅಂಗಡಿ. ಅಂಗಡಿಯವನು ಟೀ ಕುಡೀತಾ ನಮ್ಮ ಕಾರನ್ನೇ ನೋಡ್ತಿದ್ದ. ಭಾವ ಹೆಮ್ಮೆಯಿಂದ ನಿಂತಿದ್ದರು. ಅವನು ಲೋಗೋ ನೋಡ್ತಿರಲಿಲ್ಲ. ಹತ್ತಿರ ಬಂದು ಟೈರಿಗೆ ಒಂದು ಒದ್ದ.

"ಗಾಳಿ ಜಾಸ್ತಿ ಇದೆಯಲ್ಲ ಸಾರ್."

ಮೀಟರ್ ಇಟ್ಟು ನೋಡಿದ. ಒಂದರಲ್ಲಿ 50 ದಾಟಿತ್ತು. ಉಳಿದ ಮೂರೂ ಹಾಗೇ. ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಂಬರಿಗೆ ಬೆರಳಿಟ್ಟ. "ಮಾರಿದೋರು ಇದನ್ನ ನೋಡಿ ಹಾಕಿದಾರೆ. ಇದು ಟೈರು ತಡಿಯೋ ಮ್ಯಾಕ್ಸಿಮಮ್ಮು ಸಾರ್. ಹಾಕ್ಬೇಕಾದ್ದು ಇಲ್ಲಿದೆ." ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲಿನ ಸ್ಟಿಕ್ಕರ್ ತೋರಿಸಿದ. ಎಷ್ಟು ಜನಕ್ಕೆ ಮುಂದೆ ಎಷ್ಟು, ಹಿಂದೆ ಎಷ್ಟು, ಎಲ್ಲ ಬರೆದಿತ್ತು. ರನ್‌ಫ್ಲಾಟ್ ಟೈರಿನ ಪಕ್ಕದ ಗೋಡೆ ಮೊದಲೇ ಗಟ್ಟಿ, ಗಾಳಿ ಇಲ್ಲದಿದ್ದರೂ ಭಾರ ಹೊರಬೇಕಲ್ಲ. ಅದರ ಮೇಲೆ ಕಲ್ಲಿನಂಗೆ ಗಾಳಿ ತುಂಬಿದರೆ ಇನ್ಯಾವ ಗುಂಡಿ ಒತ್ತಿ ಏನು ಬಂತು?

ಸ್ಸ್ ಅಂತ ಗಾಳಿ ಬಿಟ್ಟ. "ಟೈರು ಬಿಸಿ ಇದೆ, ಎರಡು ಪಾಯಿಂಟ್ ಜಾಸ್ತಿನೇ ಬಿಟ್ಟಿರ್ತೀನಿ. ನಾಳೆ ಬೆಳಿಗ್ಗೆ ತಣ್ಣಗಿರೋವಾಗ ಇನ್ನೊಂದ್ಸಲ ನೋಡಿಸ್ಕೊಳ್ಳಿ." ನಾಲ್ಕೂ ಚಕ್ರಕ್ಕೆ ಸೇರಿ ನಲವತ್ತು ರೂಪಾಯಿ. ಭಾವ ಫೋನ್ ತೆಗೆದರು. ನೆಟ್‌ವರ್ಕ್ ಇರಲಿಲ್ಲ. ಜೇಬಲ್ಲಿ ಚಿಲ್ಲರೆ ಇರಲಿಲ್ಲ. ಅಮ್ಮ ಬ್ಯಾಗಿನ ಒಳಗಿನ ಪರ್ಸಿನ ಒಳಗಿನ ಇನ್ನೊಂದು ಪರ್ಸು ತೆಗೆದು, ಎರಡು ಇಪ್ಪತ್ತರ ನೋಟು ಎಣಿಸಿ ಕೊಟ್ಟರು. ಅಳಿಯನ ಕಡೆ ನೋಡಲಿಲ್ಲ. ನೋಡದೇ ಇದ್ದಿದ್ದು ಎಲ್ಲರಿಗೂ ಕಾಣಿಸಿತು.

ಅಂಗಡಿ ಮುಂದಿನ ಹಂಪ್ ದಾಟಿ ನೋಡಿದೆವು. ಕಾರು ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು. "ಹಾಂ, ಈಗ ಸರಿಯಾದ ಗುಂಡಿ ಒತ್ತಿದ್ರು" ಅಂದರು ಅಮ್ಮ. ಅವರ ಪ್ರಕಾರ ಅದು ಬಾಗಿಲ ಹತ್ತಿರ ಎಲ್ಲೋ ಇದೆ.

ಭಾವನಿಗೆ ಮಾತ್ರ ಇನ್ನೂ ಒಂದಾಸೆ. ಮುಂದೆ ಇರೋದು ಚಾರ್ಮಾಡಿ ಘಾಟಿ. ಅಂಥ ತಿರುವುಗಳಿಗಾಗಿಯೇ ಆ ಕೆಂಪು ಪರದೆ ಮಾಡಿರೋದು ಅಂತ ಅವರು ವಾರದಿಂದ ಹೇಳ್ತಿದ್ದರು. ಕಾರನ್ನು ಹಿಂದಕ್ಕೆ ತಗೊಂಡು ಪಂಕ್ಚರ್ ಅಂಗಡಿಯ ಹತ್ತಿರ ನಿಲ್ಲಿಸಿ, ಗಾಜಿಳಿಸಿ, ಅಕ್ಕನಿಗೆ ಕೇಳಿಸದ ಹಾಗೆ ಕೇಳಿದರು:

"ಅಲ್ಲಪ್ಪಾ, ಘಾಟಿಯಲ್ಲಿ ಸ್ಪೋರ್ಟ್ ಹಾಕ್ಬೇಕು ಅಂದ್ರೆ ಗಾಳಿ ಎಷ್ಟಿರ್ಬೇಕು?"

ಅವನು ಟೀ ಲೋಟ ಕೆಳಗಿಟ್ಟ. "ಎರಡನೇ ತಿರುವಲ್ಲಿ ಲಾರಿ ಕೆಟ್ಟು ನಿಂತಿದೆ ಸಾರ್. ಬೆಳಿಗ್ಗೆಯಿಂದ. ಯಾವುದಾದ್ರೂ ಹಾಕ್ಕೊಳ್ಳಿ."