ರಿಪೋರ್ಟ್ ನಾರ್ಮಲ್ ಅಂತೆ, ನೋವು ಮಾತ್ರ ಹೋಗಿಲ್ಲ

"ಎಲ್ಲಾ ನಾರ್ಮಲ್ ಇದೆ, ಟೆನ್ಶನ್ ಮಾಡ್ಕೋಬೇಡಿ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಾಗಿದ್ದರೆ ಬೆಳಿಗ್ಗೆ ಏಳುವಾಗ ಸೊಂಟ ಯಾಕೆ ಹೀಗೆ ಹಿಡಿದುಕೊಂಡಿರುತ್ತದೆ? ಓಡಾಡಿದರೆ ಸಡಿಲವಾಗುತ್ತದೆ, ಸುಮ್ನೆ ಮಲಗಿದರೆ ಜಾಸ್ತಿಯಾಗುತ್ತದೆ. ಇಷ್ಟು ಹೇಳುವಷ್ಟರಲ್ಲಿ ಡಾಕ್ಟರು ಮುಂದಿನವರನ್ನು ಕರೆದಿರುತ್ತಾರೆ. ಕೈಗೆ ಅದೇ ನೋವಿನ ಮಾತ್ರೆ, ಅದೇ ಕ್ಯಾಲ್ಸಿಯಂ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ, ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳಲ್ಲಿ ಉರಿಯೂತ ಬರುವ ಕಾಯಿಲೆಯಲ್ಲಿ ನೋವು ಹೀಗೇ ಇರುತ್ತದೆ. ಸಾಮಾನ್ಯವಾಗಿ 45 ವರ್ಷದೊಳಗೆ ಶುರುವಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳೇ ಬೇಕಾಗಬಹುದು. ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ಸರಿ ಇದ್ದರೂ ಕಾಯಿಲೆ ಇರಬಹುದು. ಈ ಕಾಯಿಲೆಗೆ ನಂಟಿರುವ ಜೀನ್ ನೋಡುವ ಎಚ್‌ಎಲ್‌ಎ-ಬಿ27 ಪರೀಕ್ಷೆ ನೆಗೆಟಿವ್ ಬಂದರೂ ಇಲ್ಲ ಅಂತ ಅಲ್ಲ, ಪಾಸಿಟಿವ್ ಬಂದ ಮಾತ್ರಕ್ಕೆ ಇದೆ ಅಂತಲೂ ಅಲ್ಲ. ನನಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಬ್ಬ ರುಮಟಾಲಜಿಸ್ಟ್ (ಕೀಲು, ಸಂಧಿವಾತದ ತಜ್ಞರು) ಹತ್ತಿರ ಕಳಿಸಬಹುದು, ಎಂಆರ್‌ಐ ಬೇಕಾ ಅಂತ ಯೋಚಿಸಬಹುದು, ಅಲ್ವಾ?

ಮನೆಗೆ ಬಂದರೆ ನೆಂಟರು ಶುರು. "ಕೂತು ಕೂತು ಹಾಗಾಗಿದೆ, ವಾಕಿಂಗ್ ಮಾಡು." "ಗ್ರಹಚಾರ ಇರಬೇಕು, ಜಾತಕ ತೋರಿಸು." ಯಾರಿಗೂ ಕೆಟ್ಟ ಮನಸ್ಸಿಲ್ಲ, ಗೊತ್ತು. ಆದರೂ ಹೊಟ್ಟೆ ಉರಿಯುತ್ತದೆ. "ನೋವು ನಿಜ, ಕಾರಣ ಇನ್ನೂ ಸಿಕ್ಕಿಲ್ಲ, ಹುಡುಕೋಣ" ಅಂತ ಒಬ್ಬರಾದರೂ ಹೇಳಬಾರದಾ?