ಮಳೆಗೆ ಮೊದಲೇ ಬಂದ ಕಾಫಿ ಹೂ

ಇಂದು ಬೆಳಿಗ್ಗೆ ನಮ್ಮ ಅಂಗಳದ ಮೋರಿ ಈ ಮಳೆಗಾಲದಲ್ಲಿ ಮೂರನೆಯ ಬಾರಿಗೆ ಕಟ್ಟಿಕೊಂಡಿತು. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಕೆದಕಿದಾಗ, ಕೊಳೆತ ಹಲಸಿನ ಎಲೆಗಳ ಹಿಂದಿನಿಂದ ಸಾಬಕ್ಕಿಯಂಥ ಬಿಳಿ ಕಾಳುಗಳು ಬೊಗಸೆಗಟ್ಟಲೆ ತೇಲಿ ಬಂದವು. ಅವು ಫೆಬ್ರುವರಿಯಲ್ಲಿ ನಮ್ಮ ಮನೆಗೆ ಬಂದ ಫ್ರಿಜ್ಜಿನ ಥರ್ಮೋಕೋಲಿನ ಅವಶೇಷಗಳು. ಫ್ರಿಜ್ಜಿನ ಬಾಗಿಲಿನ ರಬ್ಬರು ಆಗಲೇ ಸಡಿಲವಾಗಿದೆ, ಒಳಗಿನ ತರಕಾರಿ ಡಬ್ಬಿ ಬಿರುಕು ಬಿಟ್ಟಿದೆ. ಅದನ್ನು ಸುತ್ತಿಕೊಂಡು ಬಂದದ್ದು ಮಾತ್ರ ಚಿರಂಜೀವಿಯಾಗಿ ಉಳಿದಿದೆ.

ಫ್ರಿಜ್ಜಿಗೆ ತಲೆಗೊಂದು ಟೋಪಿ, ಕಾಲಿಗೊಂದು ಪೀಠ, ನಾಲ್ಕು ಮೂಲೆಗೆ ನಾಲ್ಕು ಕಂಬಗಳು. ತಂದವರು ಫ್ರಿಜ್ಜನ್ನು ಇಳಿಸಿ, ಸಹಿ ಹಾಕಿಸಿಕೊಂಡು, ನಾನು ಕಾಫಿ ತರುವಷ್ಟರಲ್ಲಿ ಗಾಡಿ ತಿರುಗಿಸಿದ್ದರು. ನಮ್ಮ ಯಜಮಾನರು ಎಂದಿನಂತೆ, “ಗ್ಯಾರಂಟಿ ಮುಗಿಯುವವರೆಗೆ ಇರಲಿ” ಎಂದರು. ನಮ್ಮ ಅಟ್ಟದಲ್ಲಿ ಎರಡು ಟಿವಿ, ಒಂದು ಮಿಕ್ಸಿ ಮತ್ತು ಒಂದು ಗೀಸರಿನ ಥರ್ಮೋಕೋಲುಗಳು ಹೀಗೆಯೇ ಗ್ಯಾರಂಟಿ ಕಾಯುತ್ತಾ ಕುಳಿತಿವೆ. ಆ ಮಿಕ್ಸಿ ಸತ್ತು ಆರು ವರ್ಷವಾಯಿತು.

ಅವರು ತೋಟಕ್ಕೆ ಹೋದ ಹೊತ್ತು ನೋಡಿ ಇವನ್ನೆಲ್ಲ ಸಾಗಹಾಕಲು ನಾನು ಪ್ರಯತ್ನಿಸದೆ ಇರಲಿಲ್ಲ. ಕಸದ ಗಾಡಿಯ ಹುಡುಗ ಕೈಮುಗಿದು, “ಅಕ್ಕ, ಇದೊಂದನ್ನು ಹತ್ತಿಸಿದರೆ ಉಳಿದ ಮನೆಗಳ ಕಸವನ್ನು ನಾನು ತಲೆಯ ಮೇಲೆ ಹೊರಬೇಕು” ಎಂದ. ಗುಜರಿಯವನು ಬಂದ. ಅವನ ಕೊಕ್ಕೆಯ ತಕ್ಕಡಿಗೆ ನಾನು ಕಷ್ಟಪಟ್ಟು ತುಂಬಿಸಿದ ಗೋಣಿಚೀಲವನ್ನು ನೇತುಹಾಕಿದಾಗ ಮುಳ್ಳು ಸ್ವಲ್ಪ ಅಲುಗಿತು. ಅದು ಗೋಣಿಯ ತೂಕವೆಂದು ಅವನು ತೀರ್ಪು ಕೊಟ್ಟ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಥರ್ಮೋಕೋಲಿನ ಗಾತ್ರದಲ್ಲಿ ಶೇಕಡಾ 98ರಷ್ಟು ಗಾಳಿಯೇ ಇರುತ್ತದೆ. ಅದನ್ನು ಯಂತ್ರದಲ್ಲಿ ಒತ್ತಿ ಗಟ್ಟಿ ಇಟ್ಟಿಗೆ ಮಾಡಿ, ಕರಗಿಸಿ, ಫೋಟೊ ಚೌಕಟ್ಟುಗಳನ್ನು ತಯಾರಿಸುತ್ತಾರೆ ಎಂಬುದು ನಿಜ. ಆದರೆ ಸಿದ್ದಾಪುರದ ಈಚೆಯ ತೋಟದಿಂದ ಒಂದು ಲಾರಿ ಗಾಳಿಯನ್ನು ಡೀಸೆಲ್ ಸುಟ್ಟು ಅಲ್ಲಿಯವರೆಗೆ ಒಯ್ಯುವ ಪುಣ್ಯಾತ್ಮನಾರು? ಕಾನೂನಿನ ಮೊರೆ ಹೋಗೋಣವೆಂದರೆ ಅಲ್ಲಿಯೂ ಫ್ರಿಜ್ಜಿಗೇ ಮರ್ಯಾದೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲಿಗೆ ದೇಶದಾದ್ಯಂತ ನಿಷೇಧವಿದೆ. ಅಂದರೆ ಗಣಪತಿಯ ಹಿಂದೆ ನಿಂತರೆ ಅದು ಅಪರಾಧಿ, ಫ್ರಿಜ್ಜಿನ ಕೆಳಗೆ ಕುಳಿತರೆ ನಿರಪರಾಧಿ. ಬಚ್ಚಲ ಒಲೆಗೆ ಒಮ್ಮೆ ಒಂದು ತುಂಡು ಹಾಕಿದ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಕಪ್ಪು ಹೊಗೆ ಮಸಿಯ ಎಳೆಗಳಾಗಿ ಒಣಗಿಹಾಕಿದ ಬಟ್ಟೆಯ ಮೇಲೆ ಇಳಿಯಿತು. ಆ ವಾಸನೆಗೆ ನಾಯಿ ಎರಡು ದಿನ ಬಚ್ಚಲ ಕಡೆ ಸುಳಿಯಲಿಲ್ಲ.

ಅಷ್ಟರಲ್ಲಿ ಯಜಮಾನರು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದರು. ಥರ್ಮೋಕೋಲನ್ನು ಕಾಳು ಕಾಳಾಗಿ ಪುಡಿಮಾಡಿ, ಸಿಮೆಂಟಿಗೆ ಬೆರೆಸಿ, ಹಗುರವಾದ ಹೂಕುಂಡಗಳನ್ನು ತಯಾರಿಸುವ ವಿದ್ಯೆ ಅದರಲ್ಲಿತ್ತು. ವಿದ್ಯೆ ಸುಳ್ಳಲ್ಲ. ಥರ್ಮೋಕೋಲೆಂದರೆ ಒಂದು ರೀತಿಯಲ್ಲಿ ಪುರಿ ಉಂಡೆಯೇ: ಸಣ್ಣ ಪ್ಲಾಸ್ಟಿಕ್ ಕಾಳುಗಳನ್ನು ಬಿಸಿ ಹಬೆಯಲ್ಲಿ ಪುರಿಯಂತೆ ಅರಳಿಸಿ, ಅಚ್ಚಿನಲ್ಲಿ ಒಂದಕ್ಕೊಂದು ಅಂಟಿಸಿರುತ್ತಾರೆ. ಹಾಗಾಗಿ ಕೆರೆದರೆ ಅದು ಪುನಃ ಕಾಳುಗಳಾಗಿ ಉದುರುತ್ತದೆ. ಯಾವುದರಿಂದ ಕೆರೆಯುವುದು ಎಂಬ ಪ್ರಶ್ನೆಗೆ ಅವರು ನನ್ನನ್ನು ಕೇಳದೆ ಉತ್ತರ ಕಂಡುಕೊಂಡರು. ನಾನು ಹಿತ್ತಲಿನಿಂದ ಬರುವಾಗ ನನ್ನ ತವರಿನಿಂದ ಬಂದ ತೆಂಗಿನಕಾಯಿ ತುರಿಯುವ ಮಣೆಯ ಮೇಲೆ, ಅಂಗಳದ ನಡುವೆ, ಫ್ರಿಜ್ಜಿನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಮದುವೆ ಮನೆಯ ಅಡುಗೆಯವರ ಗಾಂಭೀರ್ಯದಿಂದ ಅವರು ತುರಿಯುತ್ತಿದ್ದರು. ಮೂರು ಕಂಬಗಳು ಆಗಲೇ ಮುಗಿದಿದ್ದವು. ಮಧ್ಯಾಹ್ನದ ಗಾಳಿ ಎದ್ದದ್ದು ಆಗಲೇ.

ಅಂಗಳಕ್ಕೆ ತಾಗಿಕೊಂಡಂತೆ ನಮ್ಮ ರೊಬಸ್ಟಾ ಗಿಡಗಳ ಸಾಲಿದೆ. ಬೇಸಿಗೆಯ ಒಣ ಹವೆಯಲ್ಲಿ ತುರಿದ ಥರ್ಮೋಕೋಲಿಗೆ, ಶಾಲೆಯಲ್ಲಿ ತಲೆಗೆ ಉಜ್ಜಿದ ಬಾಚಣಿಗೆಗೆ ಕಾಗದದ ಚೂರು ಅಂಟುತ್ತಿತ್ತಲ್ಲ, ಆ ಗುಣ ಬಂದುಬಿಡುತ್ತದೆ. ಕಾಳುಗಳು ಎಲೆಗೆ, ನಾವು ರೆಕ್ಕೆ ಎನ್ನುವ ಅಡ್ಡ ಕೊಂಬೆಗೆ, ಮೊಗ್ಗಿನ ಗೊಂಚಲಿಗೆ ಅಂಟಿಕೊಂಡವು. ಸಂಜೆಯ ಹೊತ್ತಿಗೆ ಎರಡು ಸಾಲು ಗಿಡಗಳು ಬೆಳ್ಳಗಾಗಿ ನಿಂತಿದ್ದವು.

ಪಕ್ಕದ ತೋಟದ ಮಾವ ಬೇಲಿಯಾಚೆ ವಾಕಿಂಗ್ ಬಂದದ್ದು ಆ ಮಬ್ಬಿನಲ್ಲಿ, ಕನ್ನಡಕವಿಲ್ಲದೆ. ನಾವೂ ಅವರೂ ಒಂದೇ ಕೆರೆಯಿಂದ ನೀರೆತ್ತುವವರು. ಕಾಫಿ ಹೂ ಅರಳಿಸುವ ಹೂಮಳೆ ಆಗ ಇನ್ನೂ ಬಂದಿರಲಿಲ್ಲ. ಸ್ಪ್ರಿಂಕ್ಲರಿನ ಸರದಿ ಮೊದಲು ಅವರದು, ಅನಂತರ ನಮ್ಮದು ಎಂದು ಮಾತಾಗಿತ್ತು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆಂಬ ಲೆಕ್ಕ ಇಲ್ಲಿ ಮಕ್ಕಳಿಗೂ ಬಾಯಿಪಾಠ. ಮಾವ ನಿಂತಲ್ಲೇ ಬೆರಳು ಮಡಚಿ ಎಣಿಸಿದರು. “ಏನಮ್ಮಾ, ನಿಮ್ಮಲ್ಲಿ ಹೂವಾಗಿದೆಯಲ್ಲ? ಪಂಪಿನ ಸದ್ದು ನಮಗೆ ಕೇಳಲೇ ಇಲ್ಲ” ಎಂದರು. ನಾನು ಬಾಯಿ ತೆರೆಯುವುದರೊಳಗೆ ಯಜಮಾನರು, ತುರಿಮಣೆಯ ಸಂಗತಿ ಊರಿಗೆ ತಿಳಿಯದಿರಲೆಂದು, “ಅಲ್ಲೊಂದು ಇಲ್ಲೊಂದು ಬಂದಿದೆ ಮಾವ” ಎಂದುಬಿಟ್ಟರು. ಮಾವ ಮಾತಾಡದೆ ಹೋದರು. ಹೋದದ್ದು ಮನೆಗಲ್ಲ, ಕೆರೆಗೆ. ಟಾರ್ಚು ಹಾಯಿಸಿ, ಬಿದಿರಿನ ಗಳ ಇಳಿಸಿ ನೀರಿನ ಮಟ್ಟ ಅಳೆದರೆಂದು ಮರುದಿನ ಅವರ ಮನೆಯ ಅತ್ತೆಯೇ ಹೇಳಿದರು.

ಬೆಳಿಗ್ಗೆ ಏಳು ಗಂಟೆಗೆ ಅವರು ಕನ್ನಡಕ ಹಾಕಿಕೊಂಡೇ ಬಂದರು. ನೇರವಾಗಿ ಗಿಡದ ಬಳಿಗೆ ಹೋಗಿ, ರೆಕ್ಕೆಯೊಂದನ್ನು ಬಗ್ಗಿಸಿ, ಮುಖವನ್ನು ಹೂವಿನೊಳಗೆ ಇಟ್ಟು ದೀರ್ಘವಾಗಿ ಉಸಿರೆಳೆದುಕೊಂಡರು. ಮಲ್ಲಿಗೆಯನ್ನು ಹೋಲುವ ಆ ಪರಿಮಳಕ್ಕೆ ವರ್ಷವಿಡೀ ಕಾಯುವ ಮನುಷ್ಯ ಅವರು. “ವಾಸನೆಯೇ ಇಲ್ಲವಲ್ಲ!” ಎಂದು ತಲೆ ಎತ್ತಿದಾಗ ಅವರ ಹುರಿಮೀಸೆಯ ತುಂಬ ಬಿಳಿ ಕಾಳುಗಳು ಪೋಣಿಸಿದಂತೆ ಕುಳಿತಿದ್ದವು. ಬಲಗೈಯಿಂದ ಒರೆಸಿದರು, ಕಾಳುಗಳು ಬಲಗೈಗೆ ಬಂದವು; ಎಡಗೈಯಿಂದ ಬಲಗೈ ಕೊಡವಿದರು, ಎಡಗೈಗೆ ಬಂದವು; ಪಂಚೆಗೆ ಉಜ್ಜಿದರು, ಅಲ್ಲಿ ಅರ್ಧ ಉಳಿದು ಅರ್ಧ ಹಿಂತಿರುಗಿದವು. ಕೊನೆಗೆ ಅತ್ಯಂತ ಸಿಟ್ಟಿನಿಂದ “ಫೂ” ಎಂದು ಊದಿದಾಗ ಒಂದು ಕಾಳು ಹಾರಿ ಅವರ ಕನ್ನಡಕದ ಗಾಜಿನ ಮೇಲೆಯೇ ಕುಳಿತಿತು. ನಗಬಾರದೆಂದು ನಾನು ತುಟಿ ಕಚ್ಚಿಕೊಂಡು ನಿಂತೆ. ಯಜಮಾನರು ಅಡುಗೆಮನೆಗೆ ಹೋಗಿ, ಜೀವಮಾನದಲ್ಲಿ ಮೊದಲ ಬಾರಿಗೆ, ಕಾಫಿ ಮಾಡಿಕೊಂಡು ಬಂದರು. ಆ ಕಾಫಿಯ ಮೇಲೂ ಎರಡು ಕಾಳುಗಳು ತೇಲುತ್ತಿದ್ದವು.

ನಾನು ಚಿಕ್ಕವಳಿದ್ದಾಗ ತವರಿಗೆ ಬಂದ ಪಿಂಗಾಣಿ ಸಾಮಾನು ನೆನಪಾಗುತ್ತದೆ. ಅಪ್ಪ ಮರದ ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ತುಂಬ ಭತ್ತದ ಹುಲ್ಲು. ನಾವು ಮಕ್ಕಳು ಹುಲ್ಲಿನೊಳಗೆ ಕೈ ಹಾಕಿ ಒಂದೊಂದೇ ಬಟ್ಟಲನ್ನು ಹುಡುಕಿ ತೆಗೆಯುತ್ತಿದ್ದೆವು. ಹುಲ್ಲು ಸಂಜೆಗೆ ಹಸುವಿನ ಮುಂದೆ ಬಿದ್ದಿತು, ಪೆಟ್ಟಿಗೆ ಕೋಳಿಗೂಡಾಯಿತು. ಕೊಡಗಿನ ಕಿತ್ತಳೆ ಪೇಟೆಗೆ ಹೋಗುತ್ತಿದ್ದದ್ದೂ ಬಿದಿರಿನ ಬುಟ್ಟಿಯಲ್ಲಿ. ಈಗ ಕಿತ್ತಳೆಯೂ ಅಪರೂಪ, ಬುಟ್ಟಿ ಹೆಣೆಯುವವರೂ ಅಪರೂಪ. ಮೋರಿಯಿಂದ ನಾನು ಇಂದು ಬಿಡಿಸಿದ ಕಾಳುಗಳಲ್ಲಿ ಕೈಗೆ ಸಿಕ್ಕದವು ತೋಡಿಗೆ, ತೋಡಿನಿಂದ ಕಾವೇರಿಗೆ ಹೋಗಿರುತ್ತವೆ. ತುಲಾ ಸಂಕ್ರಮಣದಂದು ತಲಕಾವೇರಿಯಿಂದ ಬಾಟಲಿಯಲ್ಲಿ ತಂದ ತೀರ್ಥ ನಮ್ಮ ದೇವರ ಮುಂದೆ ಇನ್ನೂ ಇದೆ. ಈ ಬೆಳಿಗ್ಗೆ ದೀಪ ಹಚ್ಚುವಾಗ ಅದರ ಕಡೆ ನೋಡಲು ಸ್ವಲ್ಪ ಮುಜುಗರವಾಯಿತು.

ಅಂದ ಹಾಗೆ, ಹೂಕುಂಡ ಒಂದೇ ಆಯಿತು. ಅದು ವಿಡಿಯೊದಲ್ಲಿ ಹೇಳಿದಂತೆಯೇ ಹಗುರವಾಗಿತ್ತು. ಮಣ್ಣು ತುಂಬುವ ಮೊದಲೇ ಬಂದ ಜೂನ್ ತಿಂಗಳ ಮಳೆಗೆ ಅಂಗಳದ ನೀರಿನಲ್ಲಿ ದೋಣಿಯಂತೆ ತೇಲಿ ಗೇಟಿನವರೆಗೆ ಹೋಗಿತ್ತು. ಉಳಿದ ಕಾಳುಗಳ ಗೋಣಿಯ ಬಾಯನ್ನು ನಾನೇ ಬಿಗಿದು ಅಟ್ಟಕ್ಕೆ ಹಾಕಿದ್ದೇನೆ.

ಮೋರಿ ಬಿಡಿಸಿ, ಕೈಕಾಲು ತೊಳೆದು ಒಳಗೆ ಬಂದರೆ ಯಜಮಾನರು ಫೋನಿನಲ್ಲಿದ್ದರು. ಪಕ್ಕದ ತೋಟದ ಮಾವನ ಮನೆಗೆ ಶನಿವಾರ ಹೊಸ ವಾಷಿಂಗ್ ಮೆಷಿನ್ ಬರುತ್ತಿದೆಯಂತೆ. ಅದರ ಥರ್ಮೋಕೋಲು ನಮಗೇನಾದರೂ ಉಪಯೋಗಕ್ಕೆ ಬರುತ್ತದೆಯೇ ಎಂದು ಮಾವ ವಿಚಾರಿಸುತ್ತಿದ್ದರು. “ಕಳಿಸಿ ಮಾವ, ಇರಲಿ” ಎನ್ನುತ್ತಾ ನಮ್ಮವರು ಅಟ್ಟದ ಏಣಿಯ ಕಡೆ ನೋಡಿದರು. ನಾನು ತುರಿಯುವ ಮಣೆಯನ್ನು ಎತ್ತಿಕೊಂಡು ಹೋಗಿ ಬೀರುವಿನೊಳಗೆ, ರೇಷ್ಮೆ ಸೀರೆಗಳ ಪಕ್ಕದಲ್ಲಿಟ್ಟು ಬೀಗ ಹಾಕಿದೆ.