ಬರೀ ಕಣ್ಣೀರಲ್ಲ ಸ್ವಾಮಿ, 170 ಮೊಟ್ಟೆ

ಇವತ್ತೂ ಅದೇ ರೀಲು ಬಂತು. 'ಲೈಕ್ ವಾಟರ್ ಫಾರ್ ಚಾಕೊಲೇಟ್' ಕಥೆಯ ನಾಯಕಿ ಟೀಟಾ ಕೇಕಿನ ಹಿಟ್ಟು ಕಲಸ್ತಾ ಇದ್ದಾಳೆ, ಕಣ್ಣೀರು ಬಟ್ಟಲಿಗೆ ಬೀಳ್ತಾ ಇದೆ, ಹಿಂದೆ ಪಿಟೀಲು, ಮೇಲೆ ದಪ್ಪಕ್ಷರ: 'ಅಡುಗೆಯ ಗುಟ್ಟು ಒಂದೇ, ಪ್ರೀತಿ'. ಕೆಳಗೆ ಸಾಲುಗಟ್ಟಿದ ಹೃದಯಗಳು. ಅದರಲ್ಲಿ ಇಲ್ಲಿರುವ ಕೆಲವರ ಹೃದಯಗಳೂ ಇವೆ, ನೋಡಿದ್ದೇನೆ, ಹೆಸರು ಹೇಳಲ್ಲ. ಅಳತೆ ಕೇಳಿದರೆ 'ಎಲ್ಲಾ ಕಣ್ಣಂದಾಜು' ಅನ್ನುವವರಿಗೂ ನನಗೂ ಮೊದಲಿಂದಲೂ ಎಣ್ಣೆ ಸೀಗೆಕಾಯಿ ಅಂತ ನಿಮಗೆ ಗೊತ್ತೇ ಇದೆ. ಹಾಗಾಗಿ ಇದು ಸ್ವಲ್ಪ ಉದ್ದ ಆಗುತ್ತೆ.

'ಲೈಕ್ ವಾಟರ್ ಫಾರ್ ಚಾಕೊಲೇಟ್' ನೋಡದವರಿಗೆ ಎರಡು ಮಾತು. ಮೆಕ್ಸಿಕೊದ ಲೌರಾ ಎಸ್ಕಿವೆಲ್ 1989ರಲ್ಲಿ ಬರೆದ ಕಾದಂಬರಿ. 1992ರಲ್ಲಿ ಅಲ್ಫೋನ್ಸೊ ಅರೌ ಸಿನಿಮಾ ಮಾಡಿದರು, ಚಿತ್ರಕಥೆ ಎಸ್ಕಿವೆಲ್ ಅವರದೇ. 2024ರಲ್ಲಿ ಸರಣಿಯಾಗಿಯೂ ಬಂತು. ಮೆಕ್ಸಿಕೊ ಕ್ರಾಂತಿಯ ಕಾಲ, ಅಮೆರಿಕದ ಗಡಿಗೆ ಅಂಟಿಕೊಂಡ ತೋಟದ ಮನೆ. ಕೊನೇ ಮಗಳು ಮದುವೆಯಾಗುವಂತಿಲ್ಲ, ಅಮ್ಮ ಸಾಯುವವರೆಗೂ ಸೇವೆ ಮಾಡಬೇಕು ಅಂತ ಮನೆತನದ ಕಟ್ಟಳೆ. ಆ ಕೊನೇ ಮಗಳು ಟೀಟಾಳನ್ನು ಕೇಳಿಕೊಂಡು ಬಂದ ಪೆದ್ರೊಗೆ ಅಮ್ಮ ಎಲೆನಾ ಅಕ್ಕ ರೊಸೌರಾಳನ್ನು ಕಟ್ಟುತ್ತಾಳೆ. ಅವನೂ ಒಪ್ಪುತ್ತಾನೆ, ಟೀಟಾಳ ಹತ್ತಿರ ಇರಬಹುದಲ್ಲ ಅಂತ. (ಪೆದ್ರೊ ಬಗ್ಗೆ ನನ್ನ ಅಭಿಪ್ರಾಯ ಬರೆದರೆ ಈ ಪೋಸ್ಟನ್ನೇ ತೆಗೆದುಹಾಕ್ತಾರೆ.) ಆ ಮದುವೆಯ ಕೇಕನ್ನು ಟೀಟಾಳೇ ಮಾಡಬೇಕು. ಅವಳ ಮನಸ್ಸಲ್ಲಿ ಇರೋದು ಅಡುಗೆಗೆ ಇಳಿದು ತಿಂದವರಿಗೆ ತಟ್ಟುತ್ತೆ, ಕಥೆಯ ಮಾಯೆ ಅದೇ.

ಈಗ ಲೆಕ್ಕಕ್ಕೆ ಬನ್ನಿ. ಪುಸ್ತಕದಲ್ಲಿ ಆ ಕೇಕಿಗೆ 17 ಮೊಟ್ಟೆ, 175 ಗ್ರಾಂ ಸಕ್ಕರೆ, ಮೂರು ಸಲ ಜರಡಿ ಹಿಡಿದ 300 ಗ್ರಾಂ ಮೈದಾ, ಒಂದು ನಿಂಬೆಯ ಸಿಪ್ಪೆಯ ತುರಿ. ಇದು 18 ಜನಕ್ಕೆ. ಮದುವೆಗೆ ಬರುವವರು 180. ಅಂದರೆ 170 ಮೊಟ್ಟೆ. ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಕೇಕು ಏಳಬೇಕಾದ್ದು ಮೊಟ್ಟೆಯೊಳಗೆ ಕೈಯಿಂದಲೇ ತುಂಬಿದ ಗಾಳಿಯಿಂದ. ಸಕ್ಕರೆಯ ಜೊತೆ ಬಡಿದು ಬಡಿದು, ಎತ್ತಿದರೆ ರಿಬ್ಬನ್ ಥರ ಮಡಚಿಕೊಂಡು ಬೀಳುವ ಹದಕ್ಕೆ ತರಬೇಕು, ಆಮೇಲೆ ಉಳಿದ ಮೊಟ್ಟೆ ಎರಡೆರಡಾಗಿ ಸೇರಿಸುತ್ತಾ ಮತ್ತೆ ಬಡಿಯಬೇಕು. ಮೈದಾ ಹಾಕಿದ ಮೇಲೆ ಜೋರಾಗಿ ಕಲಸಿದರೆ ಗಾಳಿ ಹೋಯ್ತು, ಕೇಕು ಹಲಗೆ. ಅವಸರ ಮಾಡಿ ಕಮ್ಮಿ ಬಡಿದರೂ ಹಲಗೆಯೇ.

ಎಸ್ಕಿವೆಲ್ ಇಲ್ಲಿ ಒಂದು ಸಾಲು ಇಡುತ್ತಾರೆ, ರೀಲು ಮಾಡುವವರು ಯಾರೂ ಅದನ್ನು ಓದಿದ ಹಾಗಿಲ್ಲ. ಟೀಟಾಳ ಕಣ್ಣೀರು ಬಿದ್ದು ಹಿಟ್ಟು ಗಟ್ಟಿಯಾಗಲೇ ಇಲ್ಲ, ಅದಕ್ಕೇ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು ಅಂತ. ನೋಡಿ, ಕಣ್ಣೀರು ಮೊದಲು ಮಾಡಿದ ಕೆಲಸ ಮಾಯೆಯಲ್ಲ, ನೀರಿನ ಕೆಲಸ! ಆ ಮೇಲೆ ತಾನೇ ಅಡುಗೆಯವಳು ನಾಚಾ ಬೆರಳಲ್ಲಿ ಐಸಿಂಗ್ ನೆಕ್ಕಿ ನೋಡೋದು. ರುಚಿ ಕೆಟ್ಟಿಲ್ಲ ಅಂತ ಖಚಿತವಾಗುತ್ತೆ, ಆದರೆ ಎಂದೋ ಕಳೆದುಕೊಂಡವನ ನೆನಪು ಅವಳನ್ನು ಕವಿದುಕೊಳ್ಳುತ್ತೆ. ಮಾರನೆಯ ದಿನ ನೆಂಟರೆಲ್ಲ ಕೇಕು ತಿಂದು ಅಳುತ್ತಾರೆ, ವಾಂತಿ ಮಾಡುತ್ತಾರೆ. ಒಪ್ಪಿಕೊಳ್ತೀನಿ, ಈ ದೃಶ್ಯಕ್ಕೆ ನನಗೂ ಗಂಟಲು ಕಟ್ಟುತ್ತೆ. ಆದರೆ ಹನಿ ಬಿದ್ದದ್ದಕ್ಕಲ್ಲ. ತನ್ನವನ ಮದುವೆಗೆ ತಾನೇ 170 ಮೊಟ್ಟೆ ಒಡೆದು, ತೋಳು ಸೋಲುವ ತನಕ ಬಡಿದಳಲ್ಲ, ಅದಕ್ಕೆ.

ಗುಲಾಬಿ ದಳದ ಸಾಸಿನಲ್ಲಿ ಮಾಡಿದ ಲಾವಕ್ಕಿಯ ಅಡುಗೆಯದೂ ಇದೇ ಕಥೆ. ಪೆದ್ರೊ ಕೊಟ್ಟ ಹೂವನ್ನು ಎದೆಗೊತ್ತಿಕೊಂಡು ಮುಳ್ಳು ಚುಚ್ಚಿಸಿಕೊಂಡಳು, ರಕ್ತ ಸೋಕಿತು, ಊಟ ಮಾಡಿದ ಇನ್ನೊಬ್ಬ ಅಕ್ಕ ಹೆರ್‌ತ್ರೂದಿಸ್ ಮೈ ಕಾದು, ಸ್ನಾನದ ಗುಡಿಸಲಿಗೆ ಬೆಂಕಿ ಹತ್ತಿ, ಬೆತ್ತಲೆಯಾಗಿ ಓಡಿ ಕ್ರಾಂತಿಕಾರಿಯ ಕುದುರೆ ಹತ್ತಿದಳು. ಇದು ಎಲ್ಲರಿಗೂ ನೆನಪಿದೆ. ಆ ಸಾಸು ಯಾರಿಗೆ ನೆನಪಿದೆ? 6 ಹಕ್ಕಿಗೆ 12 ಗುಲಾಬಿ, 12 ಚೆಸ್ಟ್‌ನಟ್, 2 ಎಸಳು ಬೆಳ್ಳುಳ್ಳಿ, ಜೇನು, ನಮ್ಮ ಸೋಂಪಿನ ಥರದ ಆನಿಸ್, ಡ್ರ್ಯಾಗನ್ ಫ್ರೂಟ್ ಬಳಗದ ಒಂದು ಪಿತಾಯ ಹಣ್ಣು, ಗಟ್ಟಿಯಾಗಲು 2 ಚಮಚ ಕಾರ್ನ್‌ಫ್ಲೋರ್, ಗುಲಾಬಿ ಅತ್ತರು 2 ತೊಟ್ಟು. ಎರಡೇ! ನಾಲ್ಕಾದರೆ ಸಾಸು ಸೋಪಿನ ನೀರಾಗುತ್ತೆ. ಮಾಡುವ ಆಸೆಯಿದ್ದವರಿಗೆ: ಮಾರ್ಕೆಟ್ಟಿನ ಹಾರದ ಹೂವು ಬೇಡ, ಔಷಧಿ ಹೊಡೆದಿರ್ತಾರೆ. ದಳದ ಬುಡದಲ್ಲಿರುವ ಬಿಳಿ ಭಾಗ ಕಹಿ, ಕತ್ತರಿಸಿ ಬಿಸಾಕಿ. ಕೊನೆಗೆ ಸಾಸನ್ನು ಸೋಸಲೇಬೇಕು, ಇಲ್ಲದಿದ್ದರೆ ದಳದ ಚೂರು ನಾಲಿಗೆಗೆ ಕಾಗದದ ಹಾಗೆ ಸಿಗುತ್ತೆ.

ಹಕ್ಕಿ ಕೊಲ್ಲುವ ಭಾಗವಂತೂ ಇನ್ನೂ ಖಡಕ್ಕು. ಮೊದಲ ಹಕ್ಕಿಯ ಕತ್ತನ್ನು ಟೀಟಾ ಅರೆಮನಸ್ಸಿನಿಂದ ತಿರುಚುತ್ತಾಳೆ. ಅದು ಸಾಯದೆ, ಕತ್ತು ಜೋಲಿಸಿಕೊಂಡು ಅಡುಗೆಮನೆ ತುಂಬಾ ಓಡುತ್ತೆ. ಕರುಣೆ ಇತ್ತು, ಕೈಗೆ ಬಲ ಇರಲಿಲ್ಲ, ಹಿಂಸೆ ಅನುಭವಿಸಿದ್ದು ಹಕ್ಕಿ.

ಇನ್ನು ರೊಸೌರಾ. ಗಂಡನನ್ನು ಒಲಿಸಿಕೊಳ್ಳಬೇಕು ಅಂತ ಆಸೆಯಿಂದ ಒಂದು ದಿನ ತಾನೇ ಒಲೆಯ ಮುಂದೆ ನಿಲ್ಲುತ್ತಾಳೆ. ಅನ್ನ ಸೀದುಹೋಯ್ತು, ಮಾಂಸ ಒಣಗಿತು, ಸಿಹಿಯೂ ಹೊತ್ತಿತು. ಯಾಕೆ, ಅವಳಿಗೆ ಪ್ರೀತಿ ಇರಲಿಲ್ವಾ? ಇತ್ತು. ನಾಚಾಳ ಹತ್ತಿರ ಕೂತು ಕಲಿತಿರಲಿಲ್ಲ, ಅಷ್ಟೇ. ಈ ಒಂದು ಊಟ ಸಾಕು ಆ ರೀಲಿನ ದಪ್ಪಕ್ಷರ ಅಳಿಸೋದಕ್ಕೆ.

ಕಾಮೆಂಟಲ್ಲಿ ಯಾರೋ ಬುದ್ಧಿವಂತರು ಬಂದೇ ಬರ್ತಾರೆ: 'ಕೊನೆಯಲ್ಲಿ ಬೇಯದ ಬೀನ್ಸ್ ಕಾಳಿಗೆ ಹಾಡು ಹೇಳಿ ಬೇಯಿಸಿದಳಲ್ಲ?' ಹೌದು, ಹೇಳಿದಳು. ಜಗಳವಾಡುತ್ತಾ ಮಾಡಿದ ಅಡುಗೆ ಬೇಯಲ್ಲ ಅಂತ ನಾಚಾ ಹೇಳಿದ್ದು ನೆನಪಾಗಿ ಪ್ರೀತಿಯಿಂದ ಹಾಡಿದಳು, ಬೆಂದವು. ಆದರೆ ಅದೇ ಅಧ್ಯಾಯದ ಪಾಕವಿಧಾನ ಏನು ಹೇಳುತ್ತೆ? ಬೀನ್ಸನ್ನು ಮೊದಲು ತೆಕೆಸ್ಕೀತೆ ಹಾಕಿ ಒಂದು ಸಲ ಬೇಯಿಸಿ, ತೊಳೆದು, ಆಮೇಲೆ ಹಂದಿಮಾಂಸದ ಜೊತೆ ಮತ್ತೆ ಇಡಿ ಅಂತ. ತೆಕೆಸ್ಕೀತೆ ಅಂದರೆ ಅಲ್ಲಿನ ಕೆರೆಯಂಚಿನ ಕ್ಷಾರದ ಉಪ್ಪು, ನಮ್ಮ ಅಡುಗೆ ಸೋಡಾದ ಕೆಲಸ ಮಾಡುತ್ತೆ, ಕಾಳಿನ ಸಿಪ್ಪೆ ಮೆದುವಾಗುತ್ತೆ. ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿ ಕೂತ ಯಾರನ್ನಾದರೂ ಕೇಳಿ, ರಾಗ ಕಲ್ಯಾಣಿ ಪೂರ್ತಿ ಹಾಡಿದರೂ ಅದು ಬೇಯಲ್ಲ.

'ಮ್ಯಾಜಿಕಲ್ ರಿಯಲಿಸಂಗೆ (ದಿನನಿತ್ಯದ ಬದುಕಲ್ಲೇ ಮಾಯೆ ಬೆರೆಸುವ ಕಥೆಗೆ) ತಕ್ಕಡಿ ಯಾಕೆ' ಅನ್ನೋರಿಗೆ: ತಕ್ಕಡಿ ತಂದವಳು ನಾನಲ್ಲ. 12 ತಿಂಗಳು, 12 ಅಧ್ಯಾಯ, ಪ್ರತಿಯೊಂದರ ತಲೆಯ ಮೇಲೂ ಸಾಮಾನಿನ ಪಟ್ಟಿ ಇಟ್ಟವರು ಲೇಖಕಿ. ಹೆಸರೂ ಒಲೆಯ ಮೇಲಿಂದಲೇ ಬಂದದ್ದು. ಅಲ್ಲಿ ಕುಡಿಯುವ ಚಾಕೊಲೇಟನ್ನು ನೀರಲ್ಲಿ ಮಾಡ್ತಾರೆ. ನೀರು ಕುದಿಗೆ ಬಂದಾಗ ಇಳಿಸಿ ಬಿಲ್ಲೆ ಕರಗಿಸಬೇಕು, ನಮ್ಮ ಕಡಗೋಲಿನಂಥ ಮೊಲಿನಿಯೊವನ್ನು ಅಂಗೈಗಳ ನಡುವೆ ತಿರುಗಿಸಿ ಕಡೆಯಬೇಕು, ಮತ್ತೆ ಒಲೆಗಿಟ್ಟು ಉಕ್ಕುವಷ್ಟರಲ್ಲಿ ಇಳಿಸಬೇಕು, ಮತ್ತೆ ಇಡಬೇಕು. ಒಳಗೊಳಗೇ ಕುದಿಯುವವರನ್ನು ಅಲ್ಲಿ 'ಚಾಕೊಲೇಟಿಗೆ ಇಟ್ಟ ನೀರಿನ ಹಾಗೆ' ಅಂತಾರೆ. ಉಕ್ಕಿಬಿಟ್ಟರೆ ಒಲೆ ಆರಿತು, ಚಾಕೊಲೇಟೂ ಇಲ್ಲ.

ರೀಲು ಮಾಡಿದವರಿಗೆ ಒಂದು ಕೋರಿಕೆ. ಕೊನೆಯ ಅಧ್ಯಾಯದಲ್ಲಿ ಸುಟ್ಟು ಸಿಪ್ಪೆ ತೆಗೆದ ದಪ್ಪ ಮೆಣಸಿನಕಾಯಿಗೆ ಹೂರಣ ತುಂಬಿ, ಬಿಳಿ ವಾಲ್‌ನಟ್ ಸಾಸು ಸುರಿದು, ದಾಳಿಂಬೆ ಉದುರಿಸುತ್ತಾರೆ. 25 ಮೆಣಸಿನಕಾಯಿಗೆ 100 ವಾಲ್‌ನಟ್. ಒಡೆದ ಮೇಲೆ ಒಳಗಿನ ತೆಳು ಪೊರೆಯನ್ನು ಉಗುರಲ್ಲಿ ಬಿಡಿಸಬೇಕು, ಒಂದು ಚೂರು ಉಳಿದರೂ ಸಾಸು ಕಹಿ. ಮುಂದಿನ ಸಲ ಪಿಟೀಲು ಹಾಕಿ ಅದನ್ನು ತೋರಿಸಿ. ಮೂವತ್ತು ಸೆಕೆಂಡಲ್ಲಿ ಅರ್ಧ ಕಾಯಿ ಮುಗಿದರೆ ನಾನೂ ಒಂದು ಹೃದಯ ಒತ್ತುತ್ತೀನಿ.